ಹೊಯ್ಸಳ: ಪದದ ಅರ್ಥ ಮತ್ತು ಮೂಲ

ಹೊಯ್ಸಳ ಎಂಬುದು ಕ್ರಿ.ಶ. 10ರಿಂದ 14ನೆಯ ಶತಮಾನದವರೆಗೆ ದಕ್ಷಿಣ ಕರ್ನಾಟಕವನ್ನೂ ತಮಿಳುನಾಡಿನ ಕೆಲವು ಭಾಗಗಳನ್ನೂ ಆಳಿದ ರಾಜಮನೆತನದ ಹೆಸರು. ಇದರ ಹಳಗನ್ನಡ ರೂಪ ಪೊಯ್ಸಳ. ಈ ಮನೆತನದ ಮೂಲನೆಲೆ ಸೊಸೆವೂರು, ಅಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ. ಸಳನೆಂಬ ತರುಣನಿಗೆ ಜೈನ ಮುನಿಯೊಬ್ಬ ‘ಪೊಯ್ ಸಳ’, ಅಂದರೆ ‘ಹೊಡೆ, ಸಳ’ ಎಂದು ಹೇಳಿದ. ಅವನು ಹುಲಿಯನ್ನು ಕೊಂದ. ಆ ಮಾತೇ ವಂಶದ ಹೆಸರಾಯಿತು ಎಂಬುದು ಶಾಲಾಪಠ್ಯದಿಂದ ಹಿಡಿದು ದೇವಾಲಯದ ಮಾರ್ಗದರ್ಶಿಗಳವರೆಗೆ ಎಲ್ಲರ ಬಾಯಲ್ಲಿರುವ ವಿವರಣೆ. ಇತಿಹಾಸಕಾರರಲ್ಲಿ ಹೆಚ್ಚಿನವರು ಇದನ್ನು ಐತಿಹ್ಯವೆಂದು ಪರಿಗಣಿಸುತ್ತಾರೆ. ಶಾಸನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಹೆಸರು ಮೊದಲು ಬಂದು ಕಥೆ ಆಮೇಲೆ ಹುಟ್ಟಿಕೊಂಡಂತೆ ಕಾಣುತ್ತದೆ. ಸಳನಿಂದ ಹೊಯ್ಸಳರು ಬಂದರೋ, ಹೊಯ್ಸಳ ಎಂಬ ಹೆಸರಿನಿಂದ ಸಳನು ಬಂದನೋ ಎಂಬುದು ಈ ಪದದ ಸುತ್ತಲಿನ ಮುಖ್ಯ ಚರ್ಚೆ.

ರೂಪಗಳು

ಶಾಸನಗಳಲ್ಲಿ ಈ ಹೆಸರು ಒಂದೇ ರೂಪದಲ್ಲಿ ಬರುವುದಿಲ್ಲ. ಪೊಯ್ಸಳ, ಪೊಯ್ಸಣ, ಹೊಯ್ಸಳ, ಹೊಯ್ಸಣ ಎಂಬ ನಾಲ್ಕು ಬರಹಗಳೂ ಕನ್ನಡ ನಾಡಿನ ಕಲ್ಲುಗಳಲ್ಲಿ ಸಿಗುತ್ತವೆ. ತಮಿಳು ಶಾಸನಗಳಲ್ಲಿ ಇದು ಪೋಶಳ ಎಂದಾಗುತ್ತದೆ.

ಪಕಾರ ಹಕಾರವಾದದ್ದರಲ್ಲಿ ವಿಶೇಷವೇನಿಲ್ಲ. ಹಳಗನ್ನಡದ ಪದಾದಿ ಪಕಾರ ನಡುಗನ್ನಡದಲ್ಲಿ ಹಕಾರವಾಯಿತು: ಪಾಲ್ ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪುಲಿ ಹುಲಿಯಾಯಿತು. ಈ ಬದಲಾವಣೆ ಶಾಸನಗಳಲ್ಲಿ 10ನೆಯ ಶತಮಾನದ ಸುಮಾರಿಗೆ ತಲೆದೋರಿ, 14ನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ಮುಗಿಯಿತು. ಮನೆತನದ ಆಳ್ವಿಕೆಯೂ ಹೆಚ್ಚುಕಡಿಮೆ ಇದೇ ಅವಧಿಯದು. ಹೀಗಾಗಿ ಪೊಯ್ಸಳರಾಗಿ ಮಲೆಯಿಂದ ಇಳಿದವರು ಹೊಯ್ಸಳರಾಗಿ ಆಳ್ವಿಕೆ ಮುಗಿಸಿದರು. ಬರಹದ ಭಾಷೆ ಆಡುಮಾತಿಗಿಂತ ನಿಧಾನವಾಗಿ ಬದಲಾಗುವುದರಿಂದ, ಒಬ್ಬನೇ ಅರಸನ ಕಾಲದಲ್ಲಿ ಎರಡೂ ರೂಪಗಳು ಬರುವುದುಂಟು.

ಹೆಚ್ಚು ಯೋಚಿಸಬೇಕಾದ್ದು ಕೊನೆಯ ಅಕ್ಷರದ ಬಗ್ಗೆ. ಪೊಯ್ಸಳದ ಜೊತೆಗೆ ಪೊಯ್ಸಣ ಎಂಬ ರೂಪವೂ ಚಾಲ್ತಿಯಲ್ಲಿತ್ತು. ಸಳ ಎಂಬ ನಿಜವಾದ ಪೂರ್ವಜನ ಹೆಸರು ಮನೆತನದವರ ನೆನಪಿನಲ್ಲಿ ಗಟ್ಟಿಯಾಗಿ ಕೂತಿದ್ದರೆ ಅದನ್ನು ಸಣ ಎಂದು ಬರೆಯಲು ಲಿಪಿಕಾರ ಹಿಂಜರಿಯುತ್ತಿದ್ದ. ಹಾಗೆ ಹಿಂಜರಿದ ಗುರುತು ಕಾಣುವುದಿಲ್ಲ. ಬರೆದವರ ಕಿವಿಗೆ ಇದು ಎರಡು ತುಂಡುಗಳಾಗಿ ಒಡೆಯಬಹುದಾದ ವಾಕ್ಯವಾಗಿ ಕೇಳಿಸಿರಲಿಲ್ಲ, ಇಡಿಯಾದ ಒಂದು ಹೆಸರಾಗಿ ಕೇಳಿಸಿತ್ತು ಎಂದು ಇದರಿಂದ ಊಹಿಸಬಹುದು.

‘ಪೊಯ್’ ಮತ್ತು ‘ಸಳ’

ಹಳಗನ್ನಡದ ಪೊಯ್ ಧಾತುವಿಗೆ ಹೊಡೆ, ಬಡಿ ಎಂಬುದು ಒಂದು ಅರ್ಥ. ಸುರಿ, ಎರೆ ಎಂಬುದು ಇನ್ನೊಂದು. ಇಂದಿನ ಕನ್ನಡದಲ್ಲಿ ಎರಡನೆಯ ಅರ್ಥವೇ ಮುಂದಾಗಿದೆ. ಮಲೆನಾಡಿನ ಮನೆಗಳಲ್ಲಿ ದೋಸೆ ಹುಯ್ಯುತ್ತಾರೆ, ಆಷಾಢದಲ್ಲಿ ಮಳೆ ಹೊಯ್ಯುತ್ತದೆ, ಕಂಚುಗಾರ ಎರಕ ಹೊಯ್ಯುತ್ತಾನೆ. ಹೊಡೆತದ ಅರ್ಥ ಹೊಯ್ದಾಟದಂತಹ ಕೆಲವು ಪದಗಳಲ್ಲಷ್ಟೇ ಉಳಿದಿದೆ.

ವ್ಯಾಕರಣದ ಮಟ್ಟಿಗೆ ‘ಪೊಯ್ ಸಳ’ ತಪ್ಪಿಲ್ಲದ ಹಳಗನ್ನಡ. ಕನ್ನಡದಲ್ಲಿ ಧಾತುವೇ ಏಕವಚನದ ವಿಧಿರೂಪವಾಗಿ ನಿಲ್ಲುತ್ತದೆ. ಗುರುವು ಶಿಷ್ಯನಿಗೆ ಹೇಳುವ ಮಾತಿಗೆ ಅದು ಒಪ್ಪುತ್ತದೆ. ಪ್ರತ್ಯಯವಿಲ್ಲದೆ ಹೆಸರನ್ನು ಕೂಗುವುದೂ ಸಹಜ. ಕಥೆ ಇಷ್ಟು ಕಾಲ ಬಾಳಲು ಇದೂ ಒಂದು ಕಾರಣ: ಕನ್ನಡ ಬಲ್ಲ ಯಾರಿಗೂ ಅದು ಎಳೆದು ತಂದದ್ದೆಂದು ಅನ್ನಿಸುವುದಿಲ್ಲ.

ತೊಡಕಿರುವುದು ಹೆಸರಿನ ಬಗೆಯಲ್ಲಿ. ಸಾಹಸದಿಂದ ಬಂದ ಬಿರುದುಗಳು ಹೇಗಿರುತ್ತವೆ ಎಂಬುದಕ್ಕೆ ಈ ಮನೆತನದಲ್ಲೇ ಮಾದರಿಗಳಿವೆ. ತಲಕಾಡನ್ನು ಗೆದ್ದವನು ತಲಕಾಡುಗೊಂಡ, ನೊಳಂಬವಾಡಿಯನ್ನು ಗೆದ್ದವನು ನೊಣಂಬವಾಡಿಗೊಂಡ, ಮಲೆಯ ನಾಯಕರ ನಡುವೆ ಮೀಸೆ ತಿರುವಿದವನು ಮಲಪರೊಳ್ಗಂಡ. ಮಾಡಿದ ಕೆಲಸವನ್ನಾಗಲಿ, ಮಾಡಿದವನನ್ನಾಗಲಿ ಬಿರುದು ಹೇಳುತ್ತದೆ. ಹೊರಗಿನವನೊಬ್ಬ ಕೂಗಿ ಹೇಳಿದ ಆಜ್ಞೆ ಬಿರುದಾಗುವುದು ಅಪರೂಪ. ಸಳನು ಹುಲಿಯನ್ನು ಹೊಡೆದದ್ದರಿಂದಲೇ ಹೆಸರು ಬಂದಿದ್ದರೆ ‘ಹೊಯ್ದವನು’ ಎಂಬ ಅರ್ಥದ ರೂಪವನ್ನು ನಿರೀಕ್ಷಿಸಬೇಕಿತ್ತು.

ಸಳನ ಕಥೆ

ಕಥೆಯ ಹಂದರ ಹೀಗಿದೆ. ಯದುವಂಶದ ಸಳನೆಂಬವನು ಸೊಸೆವೂರಿನಲ್ಲಿ, ಸಂಸ್ಕೃತದ ಪಾಠಗಳಲ್ಲಿ ಶಶಕಪುರದಲ್ಲಿ, ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ ಜೈನ ಮುನಿಯೊಬ್ಬನ ಬಳಿ ಇದ್ದ. ಕಾಡಿನಿಂದ ಹುಲಿಯೊಂದು ಅವರ ಮೇಲೆ ಎರಗಿ ಬಂತು. ಮುನಿ ಕೈಯಲ್ಲಿದ್ದುದನ್ನು ಸಳನಿಗೆ ಕೊಟ್ಟು, ಹೊಡೆಯೆಂದ. ಸಳ ಹುಲಿಯನ್ನು ಕೊಂದ. ಅಂದಿನಿಂದ ಪೊಯ್ಸಳ ಎಂಬುದು ಅವನ ವಂಶದ ಹೆಸರಾಯಿತು, ಹುಲಿಯು ಲಾಂಛನವಾಯಿತು.

ಪಾಠದಿಂದ ಪಾಠಕ್ಕೆ ವಿವರಗಳು ಬದಲಾಗುತ್ತವೆ. ಮುನಿಯ ಹೆಸರು ಕೆಲವೆಡೆ ಸುದತ್ತ, ಕೆಲವೆಡೆ ಹೆಸರೇ ಇಲ್ಲದ ಯೋಗಿ. ಆಯುಧ ಒಂದು ಕಡೆ ಬೆತ್ತ, ಇನ್ನೊಂದು ಕಡೆ ಸಲಾಕೆ, ಶಿಲ್ಪದಲ್ಲಂತೂ ಕಠಾರಿಯೇ. ಹುಲಿ ತಾನಾಗಿ ಬಂದದ್ದೋ, ಮಂತ್ರಸಾಧನೆಯನ್ನು ಕೆಡಿಸಲು ಬಂದದ್ದೋ, ಸಳನ ಪರಾಕ್ರಮವನ್ನು ಪರೀಕ್ಷಿಸಲು ದೇವಿಯೇ ತಾಳಿದ ರೂಪವೋ ಎಂಬುದರಲ್ಲೂ ಒಮ್ಮತವಿಲ್ಲ. ಈಚಿನ ಐತಿಹ್ಯವೊಂದು ಕಥೆಯನ್ನು ಇನ್ನಷ್ಟು ಲೌಕಿಕವಾಗಿಸುತ್ತದೆ: ಹುಲಿಯ ಕಾಟ ತಪ್ಪಿಸಿದ್ದಕ್ಕೆ ಸುತ್ತಲಿನ ರೈತರು ಸಳನಿಗೆ ಕಾಣಿಕೆ ಕೊಡತೊಡಗಿದರು, ಕಾಣಿಕೆ ವರ್ಷದಿಂದ ವರ್ಷಕ್ಕೆ ಬೆಳೆದು ಕಂದಾಯವಾಯಿತು, ಅದರ ಬಲದಿಂದ ಅವನು ಪಡೆ ಕಟ್ಟಿದ. ರಾಜ್ಯವೊಂದು ಹೇಗೆ ಮೊಳೆಯುತ್ತದೆ ಎಂಬುದಕ್ಕೆ ಇದು ಪುರಾಣದ ವಂಶಾವಳಿಗಿಂತ ನಂಬಲರ್ಹವಾದ ಚಿತ್ರ. ದನಕರುಗಳನ್ನು ಹುಲಿಯಿಂದ ಕಾಯುತ್ತ ಸತ್ತವರಿಗೆ ವೀರಗಲ್ಲು ನಿಲ್ಲಿಸಿದ ಮಲೆನಾಡಿನಲ್ಲಿ ಹುಲಿ ಕೊಂದವನು ನಾಯಕನಾಗುವುದು ಕೇಳುಗರಿಗೆ ಅಸಹಜವಾಗಿಯೂ ಕಂಡಿರಲಾರದು.

ಕಥೆಯಲ್ಲಿ ಬದಲಾಗದೆ ಉಳಿದವು ಮೂರು: ಸೊಸೆವೂರು ಎಂಬ ಸ್ಥಳ, ವಾಸಂತಿಕೆ ಎಂಬ ದೇವತೆ, ಜೈನ ಗುರು. ಇವು ಮೂರಕ್ಕೂ ಸಳನ ಕಥೆಯ ಹೊರಗೆ ಸ್ವತಂತ್ರವಾದ ಆಧಾರಗಳಿವೆ. ಸಳನಿಗೆ ಮಾತ್ರ ಇಲ್ಲ.

ಸೊಸೆವೂರು, ಶಶಕಪುರ, ಅಂಗಡಿ

ಶಾಸನಗಳ ಸೊಸೆವೂರು ಇಂದಿನ ಅಂಗಡಿಯೇ ಎಂದು ಗುರುತಿಸಿದವರು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯನ್ನು ಕಟ್ಟಿದ ಬಿ. ಎಲ್. ರೈಸ್. ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯ ಆರನೆಯ ಸಂಪುಟ, ಅಂದಿನ ಕಡೂರು ಜಿಲ್ಲೆಯದು, 1901ರಲ್ಲಿ ಪ್ರಕಟವಾಯಿತು. ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ ಕಡೆಯ ಶಾಸನಗಳು ಮೊದಲ ಬಾರಿಗೆ ಒಟ್ಟಾಗಿ ಅಚ್ಚಾದದ್ದು ಅದರಲ್ಲಿ.

ಶಶಕಪುರ ಎಂಬುದು ಸೊಸೆವೂರಿನ ಸಂಸ್ಕೃತೀಕರಣ. ಕನ್ನಡದ ‘ಸೊಸೆ’ಯ ಉಚ್ಚಾರ ‘ಶಶ’ಕ್ಕೆ ಹತ್ತಿರವಾದ್ದರಿಂದ ಊರಿಗೆ ಮೊಲದ ನಂಟು ಬಂತು, ಊರಿನ ಹುಟ್ಟಿಗೂ ಮೊಲಕ್ಕೂ ಸಂಬಂಧವಿರಬೇಕಾಗಿಲ್ಲ. ಆಸ್ಥಾನದ ಕವಿಗಳು ದೇಸಿ ಹೆಸರುಗಳನ್ನು ಸಂಸ್ಕೃತಕ್ಕೆ ತರುವಾಗ ಅರ್ಥಕ್ಕಿಂತ ಧ್ವನಿಗೆ ಹೆಚ್ಚು ಗಮನ ಕೊಡುತ್ತಿದ್ದರು. ಬೇಲೂರು ವೇಲಾಪುರವಾದದ್ದೂ ಇದೇ ದಾರಿಯಲ್ಲಿ. ಮನೆತನ ಇಳಿದುಹೋದ ಮೇಲೆ ಊರಿನ ಹಳೆಯ ಹೆಸರು ಮರೆಯಾಗಿ, ವ್ಯಾಪಾರದ ತಾಣವನ್ನು ಸೂಚಿಸುವ ಅಂಗಡಿ ಎಂಬ ಹೆಸರು ನಿಂತಿತು.

ಅಂಗಡಿಯಲ್ಲಿ ಹೊಯ್ಸಳರ ಮೊದಲ ಘಟ್ಟದ ಅವಶೇಷಗಳು ಇನ್ನೂ ಇವೆ. ಊರವರು ವಸಂತಮ್ಮ ಎಂದು ಕರೆಯುವ ವಾಸಂತಿಕಾ ದೇವಿಯ ಗುಡಿಯಲ್ಲಿ ಪೂಜೆ ನಿಂತಿಲ್ಲ. ಜೈನ ಬಸದಿಗಳೂ, ಚೆನ್ನಕೇಶವ, ಪಾತಾಳರುದ್ರೇಶ್ವರ, ಮಲ್ಲಿಕಾರ್ಜುನ ದೇವಾಲಯಗಳೂ ಇಲ್ಲಿವೆ. ಊರಿನ ಶಾಸನಗಳಲ್ಲಿ 10 ಮತ್ತು 11ನೆಯ ಶತಮಾನದ ಜೈನ ಗುರುಗಳ ಉಲ್ಲೇಖಗಳು ಬರುತ್ತವೆ; ಸಳನ ಕಥೆ ಕಲ್ಲಿಗೆ ಏರುವ ಮೊದಲೇ ಇದು ಜೈನರ ನೆಲೆಯಾಗಿತ್ತು. ಮುಂದೆ ಹೊಯ್ಸಳ ಅರಸರು ಧರಿಸಿದ ಬಿರುದುಗಳಲ್ಲಿ ‘ವಾಸಂತಿಕಾದೇವೀಲಬ್ಧವರಪ್ರಸಾದ’ ಎಂಬುದು ಸೇರಿದೆ. ರಾಜಧಾನಿ ಬೇಲೂರಿಗೂ ಅಲ್ಲಿಂದ ದೋರಸಮುದ್ರಕ್ಕೂ (ಇಂದಿನ ಹಳೇಬೀಡು) ಹೋದ ಮೇಲೂ ಮಲೆಯ ಊರದೇವತೆಯನ್ನು ಅವರು ಬಿಡಲಿಲ್ಲ. ‘ಸಮ್ಯಕ್ತ್ವಚೂಡಾಮಣಿ’ ಎಂಬ ಜೈನ ಬಿರುದು ಹಾಗೂ ‘ಯಾದವಕುಲಾಂಬರದ್ಯುಮಣಿ’ ಎಂಬ ವಂಶಬಿರುದು ಅದರ ಜೊತೆಯಲ್ಲೇ ಬರುತ್ತವೆ.

ಈಗ ಈ ಪ್ರದೇಶವೆಲ್ಲ ಕಾಫಿ ತೋಟ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅವುಗಳ ನೆರಳಲ್ಲಿ ಕಾಫಿ ಗಿಡ. ಬಾಬಾಬುಡನ್‌ಗಿರಿಗೆ ಕಾಫಿ ಬಂದದ್ದು 17ನೆಯ ಶತಮಾನದಲ್ಲಿ ಎಂಬ ಪ್ರತೀತಿ. ಹೊಯ್ಸಳರ ಕಾಲಕ್ಕೆ ಇಲ್ಲಿದ್ದುದು ದಟ್ಟ ಕಾಡು, ಕಣಿವೆಯ ಗದ್ದೆ ಮತ್ತು ದನಗಾವಲು. ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಕಳಸದ ಕಡೆಗೆ ಏರುವ ಗುಡ್ಡಗಳ ಚಿಕ್ಕಪುಟ್ಟ ಒಡೆಯರನ್ನೇ ಶಾಸನಗಳು ಮಲೆಪರು ಎನ್ನುತ್ತವೆ. ಹೊಯ್ಸಳರು ಮೊದಲು ಈ ಮಲೆಪರಲ್ಲಿ ಒಬ್ಬರು, ಆಮೇಲೆ ಅವರ ಮೇಲಿನವರು. ಮಲಪರೊಳ್ಗಂಡ ಎಂಬ ಬಿರುದನ್ನು ಅವರು ಕೊನೆಯವರೆಗೂ ಶಾಸನಗಳ ಅಂತ್ಯದಲ್ಲಿ ರುಜುವಿನಂತೆ ಬಳಸಿದರು, ಚಿನ್ನದ ನಾಣ್ಯದ ಮೇಲೂ ಕನ್ನಡದಲ್ಲಿ ಅಚ್ಚೊತ್ತಿಸಿದರು.

ಶಾಸನಗಳ ಕಾಲಕ್ರಮ

ಮನೆತನದ ಮೊದಲ ಮುಖ್ಯಸ್ಥರೆಂದು ಇತಿಹಾಸಕಾರರು ಹೇಳುವುದು ಕ್ರಿ.ಶ. 950ರ ಸುಮಾರಿನ ಅರೆಕಲ್ಲನನ್ನು, ಅವನ ನಂತರದ ಮಾರುಗನನ್ನು. ಈ ಹಳೆಯ ಹೆಸರುಗಳ ಸಾಲಿನಲ್ಲಿ ಸಳನಿಲ್ಲ. ಮೈಸೂರು ಜಿಲ್ಲೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕಲಿಯೂರು ಶಾಸನದಲ್ಲಿ ಚೋಳ ರಾಜರಾಜನ ಸೇನಾನಿ ಅಪ್ರಮೇಯನು 1006ರ ಸುಮಾರಿನಲ್ಲಿ ಹೊಯ್ಸಳರ ಮಂತ್ರಿ ನಾಗಣ್ಣನನ್ನು ಸೋಲಿಸಿದ ಸಂಗತಿ ಇದೆ. ಅಂದರೆ 11ನೆಯ ಶತಮಾನದ ಆರಂಭಕ್ಕೆ ಈ ಮನೆತನ ಚೋಳರ ಕಣ್ಣಿಗೆ ಬೀಳುವಷ್ಟು ಬೆಳೆದಿತ್ತು.

ಮುಂದೆ ನೃಪಕಾಮ, ಅವನ ನಂತರ ಸುಮಾರು 1047ರಿಂದ 1098ರವರೆಗೆ ವಿನಯಾದಿತ್ಯ ಆಳಿದರು. ವಿನಯಾದಿತ್ಯ ಕಲ್ಯಾಣದ ಚಾಲುಕ್ಯರ ಸಾಮಂತ. ಮನೆತನಕ್ಕೆ ಯಾದವ ಮೂಲವನ್ನು ಜೋಡಿಸುವ ಪ್ರಯತ್ನ ಕಾಣಿಸಿಕೊಳ್ಳುವುದು ಅವನ ಕಾಲದ ಕೊನೆಯ ದಶಕಗಳಲ್ಲಿ, 1078 ಮತ್ತು 1090ರ ಶಾಸನಗಳಲ್ಲಿ. ಸಳನ ಕಥೆ ವಿವರವಾಗಿ ಬರುವುದು ಅದಕ್ಕೂ ಆಚೆಗೆ, ಅವನ ಮೊಮ್ಮಗ ವಿಷ್ಣುವರ್ಧನನ 1117ರ ಬೇಲೂರು ಶಾಸನದಲ್ಲಿ. ಆ ಹೊತ್ತಿಗೆ ಮನೆತನದ ಹೆಸರು ಶತಮಾನಕ್ಕೂ ಮೀರಿ ಬಳಕೆಯಲ್ಲಿತ್ತು.

1117 ಯಾವ ವರ್ಷವೆಂಬುದನ್ನೂ ಗಮನಿಸಬೇಕು. ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿ ಗಂಗವಾಡಿಯನ್ನು ವಶಪಡಿಸಿಕೊಂಡು, ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಸಮಯ ಅದು. ಮಲೆಯ ಸಾಮಂತ ಸಾಮ್ರಾಜ್ಯದ ಕನಸು ಕಾಣತೊಡಗಿದ್ದ. ಅಂತಹ ಅರಸನಿಗೆ ವಂಶಾವಳಿ ಬೇಕು. ಶಾಸನಕವಿ ಬ್ರಹ್ಮನಿಂದ ಅತ್ರಿಗೆ, ಚಂದ್ರನಿಗೆ, ಪುರೂರವನಿಗೆ, ಯದುವಿಗೆ ಇಳಿಯುತ್ತಾನೆ. ಯದುವಿನಿಂದ ಸೊಸೆವೂರಿಗೆ ತಲುಪಲು ಒಂದು ಮೆಟ್ಟಿಲು ಬೇಕಿತ್ತು. ಯಾದವರು ಪೊಯ್ಸಳರಾದದ್ದು ಹೇಗೆ ಎಂಬ ಪ್ರಶ್ನೆಗೆ ಸಳನ ಕಥೆ ಉತ್ತರ ಕೊಡುತ್ತದೆ. ಒಂದು ಹೆಸರಿನಲ್ಲಿ ಪುರಾಣದ ವಂಶವನ್ನೂ ಮಲೆನಾಡಿನ ಊರನ್ನೂ ಅದು ಹೊಲಿದುಬಿಡುತ್ತದೆ.

ಲಾಂಛನ

ಹೊಯ್ಸಳ ಲಾಂಛನದಲ್ಲಿ ತರುಣನೊಬ್ಬ ಬಾಯಿ ತೆರೆದು ಮೇಲೆರಗುವ ಮೃಗಕ್ಕೆ ಕಠಾರಿ ಇರಿಯುತ್ತಿರುತ್ತಾನೆ. ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲುಗಳ ಇಕ್ಕೆಲಗಳಲ್ಲಿ ನಿಂತ ಈ ಶಿಲ್ಪಗಳನ್ನು ಹತ್ತಿರದಿಂದ ನೋಡಿದರೆ ಎರಡು ವಿಷಯ ಹೊಳೆಯುತ್ತವೆ. ಮೃಗಕ್ಕೆ ಕೇಸರವಿದೆ, ಹಾಗಾಗಿ ಅದನ್ನು ಹುಲಿಯೆನ್ನುವುದಕ್ಕಿಂತ ಸಿಂಹವೆನ್ನುವುದು, ಅಥವಾ ಶಿಲ್ಪಶಾಸ್ತ್ರದ ಮಾತಿನಲ್ಲಿ ಶಾರ್ದೂಲವೆನ್ನುವುದು ಸರಿ. ಕೊಲ್ಲುವವನಾದರೋ ಮೈತುಂಬ ಆಭರಣ ತೊಟ್ಟ ರಾಜಕುಮಾರ. ಮುನಿಯ ಶಿಷ್ಯನ ವೇಷ ಅವನದಲ್ಲ. ಶಿಲ್ಪಿಯ ಕಣ್ಣಮುಂದಿದ್ದುದು ಕಥೆಯ ವಿವರಗಳಿಗಿಂತ ಮೃಗವನ್ನು ಮಣಿಸುವ ವೀರನೆಂಬ ಹಳೆಯ ರಾಜಚಿಹ್ನೆ.

ದೇವಾಲಯಗಳಲ್ಲಿ ಈ ಶಿಲ್ಪವನ್ನು ಗೋಪುರದ ಮುಂಚಾಚಾದ ಶುಕನಾಸಿಯ ಮೇಲೆ ಇಡುವುದು ರೂಢಿ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ, ಇಮ್ಮಡಿ ಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದಲ್ಲಿ ಇದನ್ನು ನೋಡಬಹುದು.

ಚೋಳರ ಲಾಂಛನ ಹುಲಿ. ಆದ್ದರಿಂದ ಸಳ ಹುಲಿಯನ್ನು ಕೊಲ್ಲುವ ಚಿತ್ರ ತಲಕಾಡಿನ ವಿಜಯದ ಸಂಕೇತವೆಂದೂ, ಕಥೆ ಜನಪ್ರಿಯವಾದದ್ದು ಆ ವಿಜಯದಿಂದಲೆಂದೂ ಕೆಲವು ವಿದ್ವಾಂಸರು ವಾದಿಸಿದ್ದಾರೆ. ಕಾಲವೂ ಇದಕ್ಕೆ ಹೊಂದುತ್ತದೆ. ಆದರೆ ಹಾಸನ ಜಿಲ್ಲೆಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ತಲಕಾಡಿನ ಯುದ್ಧಕ್ಕಿಂತ ಸ್ವಲ್ಪ ಹಿಂದಿನದು, 1113ರ ಸುಮಾರಿನದು. ಅಲ್ಲಿಯೂ ಗೋಪುರದ ಮೇಲೆ ಇದೇ ಲಾಂಛನವಿದೆ. ಆ ಶಿಲ್ಪ ಗುಡಿಯಷ್ಟೇ ಹಳೆಯದಾದರೆ ಲಾಂಛನ ಯುದ್ಧಕ್ಕೆ ಮೊದಲೇ ಇತ್ತು, ಯುದ್ಧ ಅದಕ್ಕೆ ಹೊಸ ಅರ್ಥ ತುಂಬಿತು ಎನ್ನಬೇಕಾಗುತ್ತದೆ. ಸೊಂಟಕ್ಕೆ ಕಠಾರಿ ಸಿಕ್ಕಿಸಿದ ಮಲೆಪನಿಗೆ ಮೃಗ ಕೊಲ್ಲುವ ಚಿಹ್ನೆ ಯಾವ ಚೋಳನ ನೆರವೂ ಇಲ್ಲದೆ ಒಗ್ಗುತ್ತದೆ.

ವಿದ್ವಾಂಸರ ನಿಲುವುಗಳು

ರೈಸ್ ತಮ್ಮ ‘ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್’ (1909) ಗ್ರಂಥದಲ್ಲಿ ಸಳನ ಕಥೆಯನ್ನು ಶಾಸನಗಳು ಹೇಳಿದಂತೆ ನಿರೂಪಿಸಿದರು. ಬಿ. ಎ. ಸಾಲೆತೊರೆ ‘ಮಿಡೀವಲ್ ಜೈನಿಸಂ’ (1938) ಕೃತಿಯಲ್ಲಿ ಕಥೆಯ ಮುನಿಗೆ ಒತ್ತು ಕೊಟ್ಟು, ಗಂಗ ರಾಜ್ಯದ ಸ್ಥಾಪನೆಯಲ್ಲಿ ಸಿಂಹನಂದಿ ಆಚಾರ್ಯರಿಗೆ ಸಲ್ಲುವ ಪಾತ್ರವನ್ನೇ ಹೊಯ್ಸಳರ ವಿಷಯದಲ್ಲಿ ಸುದತ್ತ ಮುನಿಗೆ ಸಲ್ಲಿಸಿದರು. ಈ ನೋಟದಲ್ಲಿ ಹುಲಿಗಿಂತ ಗುರು ಮುಖ್ಯ: ಜೈನ ಆಚಾರ್ಯರು ಸ್ಥಳೀಯ ಶೂರನೊಬ್ಬನನ್ನು ಬೆಳೆಸಿ ರಾಜ್ಯ ಕಟ್ಟಿಸಿದ ನೆನಪು ಕಥೆಯೊಳಗಿದೆ.

ವಿಲಿಯಂ ಕೊಯೆಲ್ಹೊ ಅವರ ‘ದಿ ಹೊಯ್ಸಳ ವಂಶ’ (1950) ಮತ್ತು ಜೆ. ಡಿ. ಎಂ. ಡೆರೆಟ್ ಅವರ ‘ದಿ ಹೊಯ್ಸಳಾಸ್’ (1957) ಮನೆತನದ ಚರಿತ್ರೆಯನ್ನು ಶಾಸನಗಳಿಂದ ಮರುಕಟ್ಟಿದ ಮುಖ್ಯ ಗ್ರಂಥಗಳು. ಇವುಗಳ ನಂತರ ಹೊಯ್ಸಳರು ಮಲೆನಾಡಿನ ಮೂಲನಿವಾಸಿ ನಾಯಕರು, ಉತ್ತರದ ಯಾದವರೊಂದಿಗೆ ಅವರ ನಂಟು ಅರಸರನ್ನು ಹೊಗಳಿ ಶಾಸನ ಬರೆದ ಪ್ರಶಸ್ತಿಕಾರರ ಸೃಷ್ಟಿ ಎಂಬ ಅಭಿಪ್ರಾಯ ಗಟ್ಟಿಯಾಯಿತು. ಪದದ ಮೂಲದ ಬಗ್ಗೆ ಒಟ್ಟಿನಲ್ಲಿ ಮೂರು ಪಕ್ಷಗಳಿವೆ. ಸಳ ನಿಜವಾದ ವ್ಯಕ್ತಿ, ಕಥೆ ಅವನ ಸುತ್ತ ಬೆಳೆದದ್ದು ಎಂಬುದು ಮೊದಲನೆಯದು. ಪೊಯ್ಸಳ ಎಂಬುದು ಕುಲದ ಅಥವಾ ಬುಡಕಟ್ಟಿನ ಹೆಸರು, ಸಳ ಅದನ್ನು ಬಿಡಿಸಿ ಮಾಡಿಕೊಂಡ ಕಲ್ಪಿತ ಪೂರ್ವಜ ಎಂಬುದು ಎರಡನೆಯದು. ಲಾಂಛನ ಮೊದಲು ಇತ್ತು, ಹೆಸರನ್ನೂ ಲಾಂಛನವನ್ನೂ ಒಟ್ಟಿಗೆ ವಿವರಿಸಲು ಕಥೆ ಕಟ್ಟಲಾಯಿತು ಎಂಬುದು ಮೂರನೆಯದು. ಎರಡನೆಯ ಮತ್ತು ಮೂರನೆಯ ಪಕ್ಷಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಕಾಲಕ್ರಮವೂ ಪೊಯ್ಸಣ ಎಂಬ ರೂಪವೂ ಅವುಗಳ ಕಡೆಗೇ ವಾಲುತ್ತವೆ.

ಇಂತಹವೇ ಬೇರೆ ಹೆಸರುಗಳು

ಹೆಸರಿಗೆ ಕಥೆ ಕಟ್ಟುವ ಅಭ್ಯಾಸ ಕನ್ನಡ ನಾಡಿನ ರಾಜಮನೆತನಗಳಲ್ಲಿ ವ್ಯಾಪಕವಾಗಿತ್ತು. ಬನವಾಸಿಯ ಕದಂಬರ ಮೂಲಪುರುಷ ಕದಂಬ ಮರದಡಿ ಹುಟ್ಟಿದನೆಂದು ಹೇಳಲಾಯಿತು. ಬಾದಾಮಿಯ ಶಾಸನಗಳಲ್ಲಿ ಚಲ್ಕ್ಯ, ಚಲುಕ್ಯ ಎಂಬ ರೂಪಗಳಲ್ಲಿ ಬರುವ ಹೆಸರನ್ನು ಕಲ್ಯಾಣದ ಕಾಲದ ಕವಿಗಳು ‘ಚುಲುಕ’ಕ್ಕೆ, ಅಂದರೆ ಬೊಗಸೆಗೆ ಜೋಡಿಸಿ, ಬ್ರಹ್ಮನ ಬೊಗಸೆ ನೀರಿನಿಂದ ವೀರನೊಬ್ಬ ಎದ್ದು ಬಂದನೆಂದರು. ಹೊಯ್ಸಳರು ಇದೇ ಚಾಲುಕ್ಯರ ಸಾಮಂತರಾಗಿದ್ದವರು. ಒಡೆಯರ ಪ್ರಶಸ್ತಿಯ ಮಾದರಿ ಅವರ ಎದುರಿಗೇ ಇತ್ತು. ವ್ಯತ್ಯಾಸ ಇಷ್ಟೇ: ಚಾಲುಕ್ಯರ ಕಥೆ ಸಂಸ್ಕೃತ ಪದವೊಂದರ ಮೇಲೆ ನಿಂತಿದೆ, ಹೊಯ್ಸಳರದು ಅಚ್ಚಕನ್ನಡದ ಒಂದು ಆಜ್ಞೆಯ ಮೇಲೆ.

ಜಿಲ್ಲಾಕೇಂದ್ರದ ಹೆಸರಿನ ಕಥೆಯೂ ಇದೇ ಜಾಡಿನದು. ಸಖರಾಯಪಟ್ಟಣದ ರುಕ್ಮಾಂಗದ ರಾಯ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಚಿಕ್ಕಮಗಳೂರು, ಹಿರಿಯವಳಿಗೆ ಕೊಟ್ಟದ್ದು ಹಿರೇಮಗಳೂರು ಎನ್ನುತ್ತಾರೆ. ಹಳೆಯ ಶಾಸನಗಳಲ್ಲಿ ಈ ಊರುಗಳು ಕಿರಿಯ ಮುಗುಳಿ, ಪಿರಿಯ ಮುಗುಳಿ. ಮುಗುಳಿ ಜನರ ಬಾಯಲ್ಲಿ ಮಗಳಾದ ಮೇಲೆ ತಂದೆಯೊಬ್ಬ ಬೇಕಾದ, ರುಕ್ಮಾಂಗದ ಒದಗಿದ. ಸಳನ ಕಥೆಯನ್ನು ಆಸ್ಥಾನದ ಕವಿ ಕಟ್ಟಿದ, ಮಗಳ ಕಥೆಯನ್ನು ಊರವರು ಕಟ್ಟಿದರು. ಕಟ್ಟಿದ ಬಗೆ ಒಂದೇ.

ದೂರದ ಅನಟೋಲಿಯಾದಲ್ಲಿ ಈ ಪ್ರಶ್ನೆಯ ತಿರುವುಮುರುವು ರೂಪ ಸಿಗುತ್ತದೆ. ಇಂದಿನ ಟರ್ಕಿಯ ಹತ್ತೂಸದಿಂದ ಆಳಿದ ಹಿಟ್ಟೈಟರ ಅರಸರಿಗೆ ಲಬರ್ನ ಅಥವಾ ತಬರ್ನ ಎಂಬ ಬಿರುದಿತ್ತು. ರಾಣಿಯ ಬಿರುದು ತವನನ್ನ. ಲಬರ್ನ ಎಂಬುದು ಮೊದಲ ಅರಸನ ಸ್ವಂತ ಹೆಸರಾಗಿದ್ದು ಬಳಿಕ ಬಿರುದಾಯಿತೋ, ಬಿರುದಾಗಿದ್ದು ಬಳಿಕ ಒಬ್ಬ ಅರಸನ ಹೆಸರಾಯಿತೋ ಎಂಬ ವಾದ ಇನ್ನೂ ಮುಗಿದಿಲ್ಲ. ಪದದ ಮೂಲವನ್ನು ಕೆಲವರು ಅಲ್ಲಿನ ಹಳೆಯ ಹತ್ತಿ ಭಾಷೆಯಲ್ಲಿ ಹುಡುಕಿದರೆ, ಇತರರು ಲೂವಿಯನ್ ಭಾಷೆಯ ‘ಆಳು’ ಎಂಬರ್ಥದ ಧಾತುವಿನೊಂದಿಗೆ ಜೋಡಿಸುತ್ತಾರೆ. ರೋಮಿನ ಸೀಸರನ ಹೆಸರು ಜರ್ಮನಿಯಲ್ಲಿ ಕೈಸರ್ ಎಂಬ ಪದವಿಯಾದದ್ದು ಖಚಿತವಾದ ಉದಾಹರಣೆ: ಅಲ್ಲಿ ವ್ಯಕ್ತಿಯಿಂದ ಪದವಿ ಬಂತು. ಹೊಯ್ಸಳರಲ್ಲಿ ಪಯಣ ಹಿಮ್ಮುಖವಾಗಿ ನಡೆದು, ಮನೆತನದ ಹೆಸರಿನಿಂದ ವ್ಯಕ್ತಿ ಹುಟ್ಟಿದಂತೆ ತೋರುತ್ತದೆ.

ಕಾವೇರಿಯ ಆಚೆಗೆ

ಹೆಸರು ಮಲೆಯಿಂದ ಬಹುದೂರ ಹೋಯಿತು. 13ನೆಯ ಶತಮಾನದಲ್ಲಿ ಹೊಯ್ಸಳ ಅರಸ ಸೋಮೇಶ್ವರನು ತಿರುಚಿನಾಪಳ್ಳಿಯ ಬಳಿಯ ಕಣ್ಣನೂರನ್ನು ತನ್ನ ನೆಲೆಯಾಗಿ ಮಾಡಿಕೊಂಡ. ಅಲ್ಲಿ ಕಟ್ಟಿಸಿದ ಶಿವಾಲಯಕ್ಕೆ ಮನೆತನದ ಹೆಸರನ್ನೇ ಇಟ್ಟು ಪೊಯ್ಸಳೇಶ್ವರ ಎಂದ. ಹೊಯ್ಸಳರು ಹೋದರು, ತಮಿಳು ಕಿವಿಗೆ ಪೋಶಳ ಎಂಬುದು ಅರ್ಥವಿಲ್ಲದ ಶಬ್ದವಾಯಿತು. ಇಂದು ಆ ದೇವರು ಭೋಜೇಶ್ವರ. ಗುಡಿ ಕಟ್ಟಿಸಿದವನು ಭೋಜರಾಜನೆಂಬ ನಂಬಿಕೆಯೂ ಜೊತೆಗೆ ಬೆಳೆದಿದೆ. ಅರ್ಥ ಕಳೆದುಕೊಂಡ ಹೆಸರಿಗೆ ಜನ ಹೊಸ ಮೂಲಪುರುಷನನ್ನು ಒದಗಿಸಿಕೊಳ್ಳುವುದನ್ನು ಇಲ್ಲಿ ಕೈಯಿಟ್ಟು ತೋರಿಸಬಹುದು. ಸೊಸೆವೂರಿನಲ್ಲಿ 12ನೆಯ ಶತಮಾನಕ್ಕೆ ಮೊದಲು ನಡೆದದ್ದೂ ಇದೇ ಎಂದು ಎರಡನೆಯ ಪಕ್ಷದವರು ಹೇಳಿದರೆ, ಅವರ ಬೆನ್ನಿಗೆ ಹೊಯ್ಸಳರ ಹೆಸರಿನದೇ ಸಾಕ್ಷಿ ಇದೆ.

ತವರಿನಲ್ಲಿ ಇನ್ನ‍ೊಂದು ರೀತಿ. ಮೂಡಿಗೆರೆ ಮತ್ತು ಕಳಸದ ಗುಡ್ಡಗಳಲ್ಲಿ ಸ್ಥಳನಾಮವಾಗಿ ಉಳಿದದ್ದು ಬಲ್ಲಾಳ. ಘಟ್ಟದ ಅಂಚಿನ ಬಲ್ಲಾಳರಾಯನದುರ್ಗ ಇದಕ್ಕೆ ಸಾಕ್ಷಿ. ಮನೆತನದಲ್ಲಿ ಮೂವರು ಪ್ರಸಿದ್ಧ ಬಲ್ಲಾಳರಿದ್ದರು. ಮೂರನೆಯವನು ಮಧುರೆಯ ಸುಲ್ತಾನನ ಮೇಲಿನ ಯುದ್ಧದಲ್ಲಿ 1342–43ರಲ್ಲಿ ಮಡಿದ ಮೇಲೆ ರಾಜ್ಯ ಕುಸಿಯಿತು. ಜನರು ನೆನಪಿಟ್ಟುಕೊಂಡದ್ದು ರಾಯನ ಹೆಸರನ್ನು. ವಂಶದ ಹೆಸರು ಶಾಸನದಲ್ಲಿ ಉಳಿದು, 19ನೆಯ ಶತಮಾನದ ಕೊನೆಗೆ ಶಾಸನಶೋಧಕರ ಮೂಲಕ ಮತ್ತೆ ಸಾರ್ವಜನಿಕ ಬಳಕೆಗೆ ಬಂತು.

ಇಂದಿನ ಬಳಕೆ

ಇಂದು ಹೊಯ್ಸಳ ಎಂದರೆ ಮೊದಲು ನೆನಪಾಗುವುದು ಶಿಲ್ಪಶೈಲಿ: ನಕ್ಷತ್ರಾಕಾರದ ಜಗತಿ, ಬಳಪದ ಕಲ್ಲಿನ ಕುಸುರಿ, ಕಡೆದ ಕಂಬ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹೆಸರು ಹುಟ್ಟಿದ ಅಂಗಡಿ ಆ ಪಟ್ಟಿಯಲ್ಲಿಲ್ಲ. ಹೊಯ್ಸಳ ಕರ್ನಾಟಕ ಎಂಬುದು ಬ್ರಾಹ್ಮಣರ ಒಂದು ಪಂಗಡದ ಹೆಸರಾಗಿಯೂ ಉಳಿದಿದೆ. ಬೆಂಗಳೂರಿನಲ್ಲಿ ಪೊಲೀಸರ ಗಸ್ತುವಾಹನಕ್ಕೆ ಹೊಯ್ಸಳ ಎಂದೇ ಹೆಸರು. ‘ಹೊಯ್ಸಳ ಬಂತು’ ಎಂದರೆ ನಗರದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ರಾಜ್ಯ ಸರ್ಕಾರ ಮಕ್ಕಳ ಶೌರ್ಯಕ್ಕೆ ಕೊಡುವ ಪ್ರಶಸ್ತಿಗಳಲ್ಲಿ ಬಾಲಕಿಯರದು ಕೆಳದಿ ಚೆನ್ನಮ್ಮನ ಹೆಸರಿನಲ್ಲಿದ್ದರೆ ಬಾಲಕರದು ಹೊಯ್ಸಳ ಪ್ರಶಸ್ತಿ. ಚೆನ್ನಮ್ಮ ಆಳಿದ್ದಕ್ಕೆ ದಾಖಲೆಗಳಿವೆ. ಹುಲಿ ಕೊಂದ ಹುಡುಗನಿಗಿರುವುದು ವಂಶದ ಹೆಸರೊಂದೇ. ವಿದ್ವಾಂಸರು ಸಳನನ್ನು ಇತಿಹಾಸದಿಂದ ಹೊರಗಿಟ್ಟರೂ, 1117ರ ಶಾಸನಕವಿ ಪದಕ್ಕೆ ಕೊಟ್ಟ ಅರ್ಥವನ್ನೇ ಕನ್ನಡಿಗರು ಒಪ್ಪಿ ನಡೆಸಿಕೊಂಡು ಬಂದಿದ್ದಾರೆ.